ಆಷಾಢದ ಗಾಳಿಯಲ್ಲಿ ದಾವಣಗೆರೆಯ ಪೇಟೆ

ಶುಕ್ರವಾರ

ಚಿಕ್ಕಜಾಜೂರು ದಾಟಿದ ಮೇಲೆ ರೈಲಿನ ಎರಡೂ ಕಿಟಕಿಗಳಾಚೆ ಮೆಕ್ಕೆಜೋಳವೇ ಮೆಕ್ಕೆಜೋಳ. ಮೊಣಕಾಲೆತ್ತರದ ಪೈರು ಆಷಾಢದ ಗಾಳಿಗೆ ಒಂದೇ ದಿಕ್ಕಿಗೆ ಬಾಗಿ ಏಳುತ್ತಿತ್ತು. ನಡುನಡುವೆ ಅಡಿಕೆ ತೋಟ, ಎಡೆಕುಂಟೆ ಹೊಡೆಯುವ ಎತ್ತುಗಳು, ಗೊಬ್ಬರದ ಚೀಲ ಹೊತ್ತ ಬೈಕುಗಳು. ಹತ್ತಿಯ ಹೊಲ ಕಣ್ಣಿಗೆ ಬೀಳಲೇ ಇಲ್ಲ. ಬಾಲ್ಯದಲ್ಲಿ ಬೇಸಿಗೆ ರಜೆಗೆಂದು ದೊಡ್ಡಪ್ಪನ ಮನೆಗೆ ಇದೇ ಹಳಿಯ ಮೇಲೆ ಬರುತ್ತಿದ್ದಾಗ ಮಾತೆಲ್ಲ ಹತ್ತಿಯದೇ ಆಗಿರುತ್ತಿತ್ತು. 1972ರಲ್ಲಿ ಧಾರವಾಡದ ಕೃಷಿ ಸಂಶೋಧಕರು ಕೊಟ್ಟ ವರಲಕ್ಷ್ಮಿ, 1981ರಲ್ಲಿ ಬಂದ ಜಯಲಕ್ಷ್ಮಿ ತಳಿಗಳನ್ನು ಈ ಸೀಮೆಯ ರೈತರು ಹಬ್ಬದ ಉತ್ಸಾಹದಿಂದ ಬಿತ್ತಿದರು. ಆಮೇಲೆ ಕಾಯಿಕೊರಕದ ಕಾಟ, ಔಷಧಿ ಸಿಂಪಡಣೆಯ ಖರ್ಚು, ಬಿಡಿಸುವ ಕೂಲಿ ಎಲ್ಲವೂ ಸೇರಿ ಹತ್ತಿಯನ್ನು ಹೊಲದಿಂದ ಹೊರಗಟ್ಟಿದವು. ಕೋಳಿ ಆಹಾರದ ಕಾರ್ಖಾನೆಗಳಿಗೆ ಎಷ್ಟಿದ್ದರೂ ಸಾಲದ ಮೆಕ್ಕೆಜೋಳ ಆ ಜಾಗದಲ್ಲಿ ಬೇರುಬಿಟ್ಟಿತು.

ದಾವಣಗೆರೆಗೆ ಮುಂಚೆ ಸಿಗುವ ತೋಳಹುಣಸೆಯನ್ನು ಎದ್ದು ನಿಂತು ನೋಡಿದೆ. ಎಲ್ಲಮ್ಮ ಕಾಟನ್ ಮಿಲ್ ಇದ್ದದ್ದು ಇದೇ ಊರಿನಲ್ಲಿ. ಖಾಸಗಿಯವರ ಕೈಯಿಂದ ರಾಷ್ಟ್ರೀಯ ಜವಳಿ ನಿಗಮಕ್ಕೆ ಹೋದ ಮಿಲ್ಲು ಅದು. ಈಗ ತೋಳಹುಣಸೆ ಎಂದರೆ ಎಲ್ಲರೂ ಹೇಳುವುದು ಶಿವಗಂಗೋತ್ರಿಯನ್ನು, 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾಲಯದ ಆವರಣವನ್ನು. ಚೀಲ ಬೆನ್ನಿಗೇರಿಸಿದ ಹುಡುಗ ಹುಡುಗಿಯರು ಹಳಿಯ ಪಕ್ಕದ ರಸ್ತೆಯಲ್ಲಿ ಗುಂಪಾಗಿ ನಡೆಯುತ್ತಿದ್ದರು. ಹತ್ತಿಯಿಂದ ಹೊಟ್ಟೆ ಹೊರೆದ ಸೀಮೆ ಈಗ ವಿದ್ಯೆಯಿಂದ ಹೊರೆಯುತ್ತಿದೆ. ಊರೊಳಗೆ ಹೋದಷ್ಟೂ ಇದು ಇನ್ನೂ ಸ್ಪಷ್ಟವಾಗಿ ಕಾಣಿಸಲಿತ್ತು.

ಇಳಿಯುವಾಗ ತುಂತುರು ಮಳೆ. ಪಿ.ಬಿ. ರಸ್ತೆಯ ಒಂದು ವಸತಿಗೃಹದಲ್ಲಿ ಚೀಲವಿಟ್ಟು, ಕೊಡೆ ಹಿಡಿದು ನೇರ ಅಶೋಕ ರಸ್ತೆಗೆ ನಡೆದೆ. ಪೇಟೆಯನ್ನು ನಡೆದೇ ನೋಡಬೇಕು. ಆಟೋದಲ್ಲಿ ಹೋದರೆ ಹಾರ್ನಿನ ಸದ್ದು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಊರನ್ನು ಸೀಳಿಕೊಂಡು ಹೋಗುವ ರೈಲುಹಳಿ 1880ರ ದಶಕದ ಕೊನೆಯಲ್ಲಿ ಬಂದದ್ದು. ಅದರ ಒಂದು ಬದಿಗೆ ಮಂಡಿಪೇಟೆ, ಚೌಕಿಪೇಟೆ, ದೊಡ್ಡಪೇಟೆಗಳ ಹಳೆಯ ಊರು. ಇನ್ನೊಂದು ಬದಿಗೆ ಪಿ.ಜೆ. ಬಡಾವಣೆ, ವಿದ್ಯಾನಗರ, ಎಂ.ಸಿ.ಸಿ. ಬಡಾವಣೆಗಳು. ಎರಡರ ನಡುವೆ ಅಶೋಕ ಟಾಕೀಸಿನ ಬಳಿಯ ರೈಲ್ವೆ ಗೇಟು. ಗೇಟು ಬಿದ್ದರೆ ಎತ್ತಿನ ಗಾಡಿ, ಸೈಕಲ್ಲು, ಲಾರಿ, ಮದುವೆ ದಿಬ್ಬಣ, ಶವಯಾತ್ರೆ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದ ಜಾಗವದು. ದೊಡ್ಡಪ್ಪನ ಸೈಕಲ್ಲಿನ ಮುಂದಿನ ಸರಳಿನ ಮೇಲೆ ಕುಳಿತು ನಾನೂ ಅಲ್ಲಿ ಎಷ್ಟೋ ಗೂಡ್ಸ್ ಡಬ್ಬಿಗಳನ್ನು ಎಣಿಸಿದ್ದೇನೆ. ಈಗ ಅಲ್ಲಿ ಕೆಳಸೇತುವೆಯಾಗಿದೆ. ಮಳೆನೀರು ಒಂದು ಅಂಚಿನಲ್ಲಿ ಸಣ್ಣ ಕಾಲುವೆಯಂತೆ ಹರಿಯುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ.

ದಾಟಿದ ಕೂಡಲೇ ಪೇಟೆಯ ವಾಸನೆ ಬಂತು. ಬೆಲ್ಲ, ಒಣಮೆಣಸಿನಕಾಯಿ, ಗೋಣಿತಾಟು, ಹೊಸ ಬಟ್ಟೆಯ ಗಂಜಿ. ಬಟ್ಟೆ ಅಂಗಡಿಗಳ ನೆತ್ತಿಯ ಮೇಲೆಲ್ಲ ಆಷಾಢದ ರಿಯಾಯಿತಿಯ ಫಲಕಗಳು ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದವು. ಮದುವೆಗಳಿಲ್ಲದ ತಿಂಗಳು, ಗಿರಾಕಿಗಳು ಕಡಿಮೆ. ಅಂಗಡಿಯವರಿಗೆ ಮಾತನಾಡಲು ಪುರುಸೊತ್ತಿದೆ. ದಾವಣಗೆರೆಯ ಪೇಟೆಯ ಜೊತೆ ಸಾವಕಾಶವಾಗಿ ಮಾತನಾಡಬೇಕೆನ್ನುವವರು ಆಷಾಢದಲ್ಲೇ ಬರುವುದು ಒಳ್ಳೆಯದು. ಶ್ರಾವಣ ಹುಟ್ಟಿತೆಂದರೆ ಇಲ್ಲಿ ಉಸಿರಾಡಲೂ ಜಾಗವಿರುವುದಿಲ್ಲ.

ಚೌಕಿಪೇಟೆಯ ಒಂದು ಸೀರೆ ಅಂಗಡಿಯ ಹಿರಿಯ ಮಾಲೀಕರು ಗಾದಿಯ ಮೇಲೆ ಕುಳ್ಳಿರಿಸಿ ಚಹ ತರಿಸಿದರು. "ಮಿಲ್ಲುಗಳು ಮುಚ್ಚಿದಾಗ ಈ ಪೇಟೆಯೂ ಮುಚ್ಚುತ್ತದೆ ಎಂದು ನಮ್ಮ ತಂದೆ ಹೆದರಿದ್ದರು. ಪೇಟೆ ಮುಚ್ಚಲಿಲ್ಲ. ಆದರೆ ಗಿರಾಕಿ ಬದಲಾದ" ಎಂದರು. ಆ ಮಾತು ನನಗೆ ತುಂಬಾ ಹಿಡಿಸಿತು. ದಾವಣಗೆರೆಯನ್ನು 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಕರೆದು ಕರೆದು, ಮಿಲ್ಲುಗಳಿಂದಲೇ ಊರು ಹುಟ್ಟಿತು ಎಂದು ನಾವು ನಂಬಿಬಿಟ್ಟಿದ್ದೇವೆ. ನಡೆದದ್ದು ಹಾಗಲ್ಲ. ಹತ್ತಿರದ ಬೇತೂರು ಉಚ್ಚಂಗಿಯ ಪಾಂಡ್ಯರ ಕಾಲದಲ್ಲೇ ದೊಡ್ಡ ಊರಾಗಿದ್ದಾಗ ದಾವಣಗೆರೆ ಅದರ ಮಗ್ಗುಲಿನ ಹಳ್ಳಿ. ಹೈದರಾಲಿ ಇದನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ವರ್ತಕರನ್ನು ಕರೆಕರೆದು ನೆಲೆಗೊಳಿಸಿದ. ಮಲೆನಾಡಿನ ಅಡಿಕೆ, ಮೆಣಸು ಬಯಲಿಗೆ ಇಳಿಯುವ ದಾರಿಯಲ್ಲಿ, ಬಯಲಿನ ಧಾನ್ಯ ಮೇಲೇರುವ ದಾರಿಯಲ್ಲಿ ಇದೊಂದು ತಂಗುದಾಣವಾಯಿತು. 1870ರಲ್ಲಿ ಪುರಸಭೆ ಬಂತು. ಮೊದಲ ದೊಡ್ಡ ಬಟ್ಟೆ ಗಿರಣಿಯಾದ ದಾವಣಗೆರೆ ಕಾಟನ್ ಮಿಲ್ ಏಳುವುದಕ್ಕೆ 1930ರ ದಶಕ ಬರಬೇಕಾಯಿತು. ಅದನ್ನು ಕಟ್ಟಿದ ರಾಜನಹಳ್ಳಿ ಹನುಮಂತಪ್ಪನವರೂ ಪೇಟೆಯವರೇ. ಮಂಡಿಯಲ್ಲಿ ಕೂಡಿದ ಹಣ ಮಿಲ್ಲಾಯಿತು. ಮಿಲ್ಲು ಹೋದ ಮೇಲೂ ಮಂಡಿ ಉಳಿಯಿತು.

ಹಾಗಾದರೆ ಕಳೆದುಹೋದದ್ದು ಏನು? ಅದಕ್ಕೆ ಉತ್ತರ ಗಡಿಯಾರ ಕಂಬದ ಹತ್ತಿರ ಸಿಕ್ಕಿತು, ಅದೂ ಗಾಳಿಯ ದಯೆಯಿಂದ. ಮಂಡಿಪೇಟೆಯ ಮೂಲೆ ತಿರುಗುವಾಗ ಬೀಸಿದ ಒಂದೇ ರಭಸಕ್ಕೆ ಕೊಡೆ ಹಿಂದುಮುಂದಾಗಿ ಎರಡು ಕಡ್ಡಿ ಕಿತ್ತುಬಂದವು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲಿನ ಮೇಲೆ ಕೊಡೆ, ಬೀಗ, ಚೀಲದ ಜಿಪ್ಪು ರಿಪೇರಿ ಮಾಡುವ ಹಿರಿಯರೊಬ್ಬರು ಕುಳಿತಿದ್ದರು. ಎಪ್ಪತ್ತು ದಾಟಿದ ವಯಸ್ಸು, ದಪ್ಪ ಕನ್ನಡಕ. ಕಿತ್ತ ಕಡ್ಡಿಗೆ ದಾರ ಸುತ್ತಿ ಒಂದು ಗಂಟು ಹಾಕಿದರು. ಬೆರಳುಗಳು ಎಷ್ಟು ಬೇಗ ಹೊರಳಿದವೆಂದರೆ ಹೇಗೆ ಹಾಕಿದರೆಂದು ಕಣ್ಣಿಗೆ ಸಿಕ್ಕಲೇ ಇಲ್ಲ. ಕೇಳಿದೆ. "ಮಿಲ್ಲಿನ ವೀವಿಂಗ್ ಖಾತೆಯ ಗಂಟು, ನೇಯ್ಗೆ ವಿಭಾಗದ್ದು. ಹಾಸಿನ ಎಳೆ ಹರಿದರೆ ಮಗ್ಗ ನಿಲ್ಲುವ ಹೊತ್ತಿಗೆ ಹಾಕಿ ಮುಗಿಸಬೇಕು. ಇಲ್ಲದಿದ್ದರೆ ಜಾಬರ್, ಅಂದರೆ ನಮ್ಮ ಮೇಸ್ತ್ರಿ, ಬೈಯುತ್ತಿದ್ದ" ಎಂದರು.

ನನ್ನ ದೊಡ್ಡಪ್ಪನೂ ವೀವಿಂಗ್ ಖಾತೆಯವನೇ ಎಂದಾಗ ಅವರು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು, ಪಕ್ಕದ ಗೋಣಿಚೀಲ ಸರಿಸಿ ಕೂರಲು ಜಾಗ ಮಾಡಿದರು. ಮಳೆ ನಿಲ್ಲುವ ತನಕ ಮಾತು ಸಾಗಿತು. ಮೊದಲು ಬದಲಿ ಕಾರ್ಮಿಕನಾಗಿ ಸೇರಿದ್ದು, ದಿನವೂ ಗೇಟಿನ ಮುಂದೆ ನಿಂತು ಯಾರು ಗೈರು ಎಂದು ಕೂಗುವುದನ್ನು ಕಾಯುತ್ತಿದ್ದದ್ದು, ಆಮೇಲೆ ಕಾಯಂ ಆದದ್ದು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ. ಒಂದು ಮಿಲ್ಲಿನ ಕೂಗು ನಿಲ್ಲುವ ಮೊದಲೇ ಇನ್ನೊಂದು ಮಿಲ್ಲಿನದು ಶುರು. ದಾವಣಗೆರೆ ಕಾಟನ್ ಮಿಲ್, ಶಂಕರ್ ಮಿಲ್, ಚಂದ್ರೋದಯ, ಗಣೇಶರ, ಆಂಜನೇಯ ಎಂದು ಅವರು ಬೆರಳು ಮಡಚಿ ಹೇಳುತ್ತ ಹೋದರು. ತಲೆಗೂದಲಿಗೂ ಹುಬ್ಬಿಗೂ ಹತ್ತಿಯ ಎಳೆ ಅಂಟಿರುತ್ತಿದ್ದುದರಿಂದ ಮಿಲ್ಲಿನವರನ್ನು ಸಂತೆಯಲ್ಲೂ ಗುರುತಿಸಬಹುದಿತ್ತು. ಪಗಾರದ ದಿನ ಮಿಲ್ಲಿನ ಗೇಟಿನಾಚೆ ಸಾಲ ವಸೂಲಿಗೆ ನಿಂತವರದ್ದೇ ಒಂದು ಸಾಲು. ದೀಪಾವಳಿಗೆ ಬೋನಸ್ ಬಟವಾಡೆಯಾದ ಸಂಜೆ ಇಡೀ ಮಂಡಿಪೇಟೆ, ಚೌಕಿಪೇಟೆ ಕಾರ್ಮಿಕರದೇ. ಹೆಂಡತಿಗೆ ಸೀರೆ, ಮಕ್ಕಳಿಗೆ ಚಡ್ಡಿ ಅಂಗಿ, ಒಂದು ಸೇರು ಮಂಡಕ್ಕಿ, ರಾತ್ರಿ ಎರಡನೆಯ ಆಟದ ಸಿನಿಮಾ.

"ಈಗಲೂ ಪೇಟೆಯಲ್ಲಿ ಜನರಿದ್ದಾರೆ. ಆದರೆ ಅವತ್ತು ನಮ್ಮನ್ನು ನೋಡಿ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು" ಎಂದರು ಅವರು. ಮಿಲ್ಲು ನಿಂತ ಮೇಲೆ ಕೆಲವು ವರ್ಷ ಗ್ರ್ಯಾಚುಯಿಟಿಗಾಗಿ ಅಲೆದರು, ತರಕಾರಿ ಗಾಡಿ ತಳ್ಳಿದರು, ಈಗ ಈ ಮೆಟ್ಟಿಲು. ಕೊಡೆಯ ಹಣವನ್ನು ಎಷ್ಟು ಬೇಡಿದರೂ ತೆಗೆದುಕೊಳ್ಳಲಿಲ್ಲ. ವೀವಿಂಗ್ ಖಾತೆಯವನ ಮನೆಯ ಹುಡುಗನಿಂದ ಹಣ ಪಡೆಯುವುದಿಲ್ಲ ಎಂದರು. ನನಗೆ ಗಂಟಲು ಕಟ್ಟಿತು.

ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳ ಪಟ್ಟಿ 2016ರ ಜನವರಿಯಲ್ಲಿ ಹೊರಬಿದ್ದಾಗ ದಾವಣಗೆರೆಯ ಹೆಸರು ಅದರಲ್ಲಿತ್ತು. ಮಂಡಿಪೇಟೆಯ ಬೀದಿಗಳಿಗೆ ಕಾಂಕ್ರೀಟ್ ಬಿದ್ದದ್ದು, ಚರಂಡಿ ಮುಚ್ಚಿದ್ದು, ಗಡಿಯಾರ ಕಂಬಕ್ಕೆ ಹೊಸ ಬಣ್ಣ ಬಂದದ್ದು ಆ ಹಣದಿಂದ. ಅದು ಒಳ್ಳೆಯ ಕೆಲಸವೇ. ಮಳೆಗಾಲದಲ್ಲಿ ಈ ಬೀದಿಯ ಕೆಸರಿನಲ್ಲಿ ಹೂತ ಗಾಡಿಗಳನ್ನು ನೋಡಿದ ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಹೊಸ ಹಾದಿಗಲ್ಲು, ಹೊಸ ದೀಪದ ಕಂಬಗಳ ನಡುವೆ ಸುತ್ತಿದಷ್ಟು ಹೊತ್ತೂ ಈ ಪೇಟೆಯನ್ನು ಅರ್ಧ ಶತಮಾನ ಸಾಕಿದ ಮಿಲ್ಲು ಕಾರ್ಮಿಕರ ಬಗ್ಗೆ ಒಂದು ಸಾಲಿನ ಫಲಕವೂ ನನಗೆ ಕಾಣಲಿಲ್ಲ.

ಸಂಜೆ ಹಳಿ ದಾಟಿ ರಾಂ ಅಂಡ್ ಕೋ ವೃತ್ತಕ್ಕೆ ಹೋದೆ. ತಳ್ಳುಗಾಡಿಗಳ ಸುತ್ತ ವಿದ್ಯಾರ್ಥಿಗಳ ಗುಂಪು. ಖಾರ ಮಂಡಕ್ಕಿ, ಆಗಷ್ಟೇ ಎಣ್ಣೆಯಿಂದೆತ್ತಿದ ಮೆಣಸಿನಕಾಯಿ ಬಜ್ಜಿ, ಮೇಲೆ ಚಿಮುಕಿಸಿದ ಈರುಳ್ಳಿ. ಬಜ್ಜಿಯ ಮೆಣಸಿನಕಾಯಿ ಮೇಲ್ನೋಟಕ್ಕೆ ಸಾಧು. ತೊಟ್ಟಿನ ಹತ್ತಿರ ಬಂದಾಗ ನಿಜಗುಣ ತೋರಿಸುತ್ತದೆ. ಪಕ್ಕದಲ್ಲಿ ನಿಂತಿದ್ದ ಬಿಹಾರದ ಹುಡುಗನೊಬ್ಬ, ವೈದ್ಯಕೀಯ ಓದುವವನು, ಕಣ್ಣಲ್ಲಿ ನೀರು ಸುರಿಸುತ್ತಲೇ ಎರಡನೆಯ ತಟ್ಟೆಗೆ ಕೈಚಾಚಿದ.

ಶನಿವಾರ

ಬೆಣ್ಣೆ ದೋಸೆಗೆ ಬೆಳಿಗ್ಗೆ ಎಂಟರೊಳಗೆ ಹೋಗಬೇಕು. ಆಮೇಲೆ ಕಾಯುವವರ ಸಾಲು ಬೀದಿಗೆ ಬರುತ್ತದೆ, ಹೊರಊರಿನ ಕಾರುಗಳೂ ಸೇರಿಕೊಳ್ಳುತ್ತವೆ. ಹೆಸರಾಂತ ಅಂಗಡಿಗಳನ್ನು ಬಿಟ್ಟು, ಹಳೆಯ ಪೇಟೆಯೊಳಗಿನ ನಾಲ್ಕು ಮೇಜಿನ ಒಂದು ಅಂಗಡಿಗೆ ಹೋದೆ. ಸೌದೆ ಒಲೆ, ಅಗಲವಾದ ಕಾವಲಿ, ಹೊಗೆಯಿಂದ ಕಪ್ಪಾದ ಗೋಡೆ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರೆ. ಅಂಚು ಗರಿಗರಿಯಾಗಿ ನಡು ಮೆತ್ತಗಿರುವುದಕ್ಕೆ ಅದೇ ಕಾರಣ. ಅರಿಸಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿಚಟ್ನಿ, ಮೇಲೆ ಬೆಣ್ಣೆಯ ಉಂಡೆ.

ಈ ದೋಸೆಯ ಮೂಲದ ಬಗ್ಗೆ ಊರಿನವರು ಹೇಳುವ ಕಥೆಯಲ್ಲಿ ಚನ್ನಮ್ಮ ಎಂಬ ತಾಯಿ ಇದ್ದಾಳೆ. 1920ರ ದಶಕದಲ್ಲಿ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದವಳು, ನಾಟಕದ ಥಿಯೇಟರಿನ ಎದುರು ರಾಗಿ ದೋಸೆ ಮಾಡಿ ಮಾರುತ್ತಿದ್ದಳಂತೆ. ಮುಂದೆ ಮಕ್ಕಳ ಕಾಲಕ್ಕೆ ಅದು ಅಕ್ಕಿಯ ದೋಸೆಯಾಗಿ, ಬೆಣ್ಣೆ ಸೇರಿತಂತೆ. ಈ ಕಥೆಯಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ನಾಟಕದ ಥಿಯೇಟರು. ದಾವಣಗೆರೆ ಕಂಪನಿ ನಾಟಕದವರ ತವರು. ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಈ ಊರಿನವರು, ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ನಾಡೆಲ್ಲ ಸುತ್ತಿತು. ಕಂಪನಿಗಳು ಇಲ್ಲಿ ತಿಂಗಳುಗಟ್ಟಲೆ ಮೊಕ್ಕಾಂ ಹೂಡುವಂತೆ ಮಾಡಿದವರಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ದೊಡ್ಡ ಪಾಲು. ಕೈಯಲ್ಲಿ ನಗದಿತ್ತು, ರಾತ್ರಿ ನಿದ್ದೆ ಬಾರದ ದೇಹವಿತ್ತು. ದೊಡ್ಡಪ್ಪ ಒಂದೇ ನಾಟಕವನ್ನು ಮತ್ತೆ ಮತ್ತೆ ನೋಡಿ ಸಂಭಾಷಣೆಗಳನ್ನು ಮಗ್ಗದ ಸದ್ದಿನ ಮೇಲೆ ಕೂಗಿ ಹೇಳುತ್ತಿದ್ದನೆಂದು ದೊಡ್ಡಮ್ಮ ನಗುತ್ತಿದ್ದಳು. ಆಮೇಲೆ ಟಾಕೀಸುಗಳು ಬಂದವು: ವಸಂತ, ಅಶೋಕ, ಅರುಣ, ಮೋತಿ, ಗೀತಾಂಜಲಿ. ಊರಿನ ವೃತ್ತಗಳಿಗೂ ಗೇಟುಗಳಿಗೂ ಇವತ್ತಿಗೂ ಟಾಕೀಸುಗಳ ಹೆಸರೇ ದಿಕ್ಸೂಚಿ. ಆಟೋದವರಿಗೆ ರಸ್ತೆಯ ಅಧಿಕೃತ ಹೆಸರು ಹೇಳಿದರೆ ಗೊಂದಲ, 'ಅರುಣ ಟಾಕೀಸ್' ಎಂದರೆ ಸಾಕು.

ದೋಸೆಯ ನಂತರ ಮಿಲ್ಲುಗಳನ್ನು ಹುಡುಕಿ ಹೊರಟೆ. ಪಿ.ಬಿ. ರಸ್ತೆಯಲ್ಲಿ ಆಟೋದವರಿಗೆ ದಾವಣಗೆರೆ ಕಾಟನ್ ಮಿಲ್ಲಿನ ಚುಟುಕು ಹೆಸರಾದ ಡಿ.ಸಿ.ಎಂ. ಎಂದೆ. "ಟೌನ್‌ಶಿಪ್ಪಿಗೋ, ಅಂಡರ್‌ಪಾಸಿಗೋ?" ಎಂದು ಕೇಳಿದರು. ಮಿಲ್ಲಿಗೆ ಎಂದಾಗ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಡಿ.ಸಿ.ಎಂ. ಎಂದರೆ ಈಗ ಬಡಾವಣೆ. ಸಾಲುಮನೆಗಳು, ಗೇಟಿನ ಮುಂದೆ ರಂಗೋಲಿ, ಹೂಕುಂಡ, ನಿಂತ ಕಾರುಗಳು. ಮಿಲ್ಲಿನ ಮೂರಕ್ಷರ ಮಾತ್ರ ಅಂಚೆ ವಿಳಾಸದಲ್ಲಿ ಉಳಿದಿದೆ. ಪುಟ್ಟ ಉದ್ಯಾನದಲ್ಲಿ ಮೊಮ್ಮಗನನ್ನು ಉಯ್ಯಾಲೆಯಲ್ಲಿ ತೂಗುತ್ತಿದ್ದ ಮಹಿಳೆಯೊಬ್ಬರು, "ನಮ್ಮ ಮನೆಯವರು ನಿವೇಶನ ತೆಗೆದುಕೊಂಡಾಗ ಇಲ್ಲಿ ಬರೀ ಖಾಲಿ ಜಾಗ" ಎಂದರು. ಅವರ ಮಟ್ಟಿಗೆ ಅದು ನಿಜ.

ಅಲ್ಲಿಂದ ನಿಟುವಳ್ಳಿಯ ಕಡೆಗೆ. ಇಲ್ಲಿ ಲೆನಿನ್ ನಗರವಿದೆ. ಕರ್ನಾಟಕದ ಎಷ್ಟು ಊರುಗಳ ಬಸ್ಸಿನ ಫಲಕದಲ್ಲಿ ಆ ಹೆಸರು ಕಂಡೀತು! ಮಿಲ್ಲು ಕಾರ್ಮಿಕರ ಕೆಂಬಾವುಟದ ಸಂಘ ಈ ಊರಿನ ರಾಜಕಾರಣವನ್ನೇ ಹಿಡಿದಿದ್ದ ದಿನಗಳ ಗುರುತದು. ಕಾಮ್ರೇಡ್ ಪಂಪಾಪತಿ 1978, 1983, 1985ರಲ್ಲಿ ಸಿಪಿಐನಿಂದ ಇಲ್ಲಿಯ ಶಾಸಕರಾಗಿ ಗೆದ್ದರು. ವರ್ತಕರ ಊರಿನಲ್ಲಿ ಕಾರ್ಮಿಕರ ಪ್ರತಿನಿಧಿ ಸತತವಾಗಿ ಗೆದ್ದದ್ದು ಸಣ್ಣ ಮಾತಲ್ಲ. ಗುಡಿಸಲುಗಳಲ್ಲಿದ್ದವರಿಗೆ ಜಾಗದ ಹಕ್ಕುಪತ್ರ ಸಿಕ್ಕಿದ್ದನ್ನು ಇಲ್ಲಿಯ ಹಿರಿಯರು ಇವತ್ತಿಗೂ ಆ ಹೆಸರಿನ ಜೊತೆಗೇ ನೆನೆಯುತ್ತಾರೆ. ಚಹದಂಗಡಿಯ ಬೆಂಚಿನಲ್ಲಿ ಕುಳಿತಿದ್ದ ಒಬ್ಬರು, ಸ್ಪಿನ್ನಿಂಗ್ ಖಾತೆಯಲ್ಲಿದ್ದವರು, ಮಿಲ್ಲುಗಳು ಯಾಕೆ ಮುಚ್ಚಿದವು ಎಂಬ ನನ್ನ ಪ್ರಶ್ನೆಗೆ ತುಸು ಹೊತ್ತು ಸುಮ್ಮನಿದ್ದರು. "ಮಾಲೀಕರು ಮುಷ್ಕರ ಎನ್ನುತ್ತಾರೆ. ನಾವು ಹಳೆಯ ಯಂತ್ರ ಎನ್ನುತ್ತೇವೆ. ಎರಡೂ ಇತ್ತು. ಅಷ್ಟರಲ್ಲಿ ಪವರ್‌ಲೂಮಿನ ಬಟ್ಟೆ ಬಂದು ಅರ್ಧ ಬೆಲೆಗೆ ಕುಳಿತಿತು."

ಇಷ್ಟು ಸರಳವಾಗಿ, ಯಾರ ಮೇಲೂ ಹೊರಿಸದೆ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಮಿಲ್ಲಿನ ಲಾಭ ಹೊಸ ಯಂತ್ರಗಳಿಗೆ ಮರಳಲಿಲ್ಲ. ಪವರ್‌ಲೂಮುಗಳಿಗೆ, ಅಂದರೆ ಬಿಡಿ ವಿದ್ಯುತ್ ಮಗ್ಗಗಳಿಗೆ, ಮಿಲ್ಲಿನ ಹಾಗೆ ಭವಿಷ್ಯನಿಧಿ, ಬೋನಸ್, ಮೂರು ಪಾಳಿಯ ಕಾನೂನು ಯಾವುದರ ಹೊರೆಯೂ ಇರಲಿಲ್ಲ. ಮುಂಬಯಿಯಿಂದ ಸೊಲ್ಲಾಪುರದ ತನಕ, ಗೋಕಾಕದಿಂದ ಹುಬ್ಬಳ್ಳಿಯ ತನಕ ಬಟ್ಟೆ ಗಿರಣಿಗಳಿಗೆ ಕಷ್ಟ ಕೊಟ್ಟ ಕಾರಣಗಳೇ ಇಲ್ಲೂ ಕೆಲಸ ಮಾಡಿದವು.

ಮಧ್ಯಾಹ್ನ ಮಳೆ ಬಿಟ್ಟಿತ್ತು. ಆಜಾದ್ ನಗರ ದಾಟಿ ಮಂಡಕ್ಕಿ ಭಟ್ಟಿಗಳ ಬಡಾವಣೆಗೆ ಹೋದೆ. ದೂರದಿಂದಲೇ ಹುರಿದ ಅಕ್ಕಿಯ ಕಂಪು ಬರುತ್ತದೆ, ಹತ್ತಿರ ಹೋದಂತೆ ಹೊಗೆ ಕಣ್ಣಿಗೆ ಚುಚ್ಚುತ್ತದೆ. ಸಣ್ಣ ಕರವಸ್ತ್ರವೊಂದು ಜೇಬಿನಲ್ಲಿರಲಿ. ನೆನೆಸಿದ ಭತ್ತವನ್ನು ಹುರಿದು, ಹೊಟ್ಟು ಬೇರ್ಪಡಿಸಿ, ಅಕ್ಕಿಗೆ ಉಪ್ಪುನೀರು ಸವರಿ, ಕಾದ ಮರಳಿಗೆ ಸುರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಜರಡಿಯಲ್ಲಿ ಮರಳು ಕೆಳಗೆ, ಮಂಡಕ್ಕಿ ಮೇಲೆ. ಭತ್ತದ ಹೊಟ್ಟೇ ಒಲೆಯ ಉರುವಲು. ಒಂದು ಕಣವೂ ವ್ಯರ್ಥವಾಗುವುದಿಲ್ಲ. ಭದ್ರಾ ಕಾಲುವೆ ಬಂದು ಸುತ್ತ ಭತ್ತ ಬೆಳೆಯತೊಡಗಿದ್ದರಿಂದ ಈ ಕಸುಬಿಗೆ ಬಲ ಬಂತು.

ಭಟ್ಟಿಯೊಂದರಲ್ಲಿ ಅಜ್ಜಿ, ಮಗಳು, ಸೊಸೆ ಮೂವರೂ ಕೆಲಸದಲ್ಲಿದ್ದರು. ಜರಡಿ ಹಿಡಿಯುತ್ತಿದ್ದ ಮಗಳು, "ನಮ್ಮ ಅಪ್ಪ ಮಿಲ್ಲಿನವರು. ಮಿಲ್ಲು ನಿಂತಾಗ ಅಮ್ಮನ ತವರಿನ ಭಟ್ಟಿಗೆ ಬಂದೆವು" ಎಂದಳು. ಶಾಖಕ್ಕೆ ಕೆಂಪಾದ ಮುಖ, ಸೀರೆಯ ಸೆರಗನ್ನು ಮೂಗಿಗೆ ಬಿಗಿದುಕೊಂಡಿದ್ದಾಳೆ. ಮಿಲ್ಲಿನಲ್ಲಿ ಅಪ್ಪನಿಗೆ ಹತ್ತಿಯ ಧೂಳು, ಇಲ್ಲಿ ಇವಳಿಗೆ ಹೊಗೆ. ಆದರೆ ಅಪ್ಪನಿಗೆ ರಜೆಯಿತ್ತು, ಬೋನಸ್ ಇತ್ತು, ಕೈ ಮುರಿದರೆ ಇ.ಎಸ್.ಐ. ಆಸ್ಪತ್ರೆಯಿತ್ತು. ಇವಳಿಗೆ ಮಳೆಗಾಲದಲ್ಲಿ ಭತ್ತ ಒಣಗದಿದ್ದರೆ ಆ ದಿನದ ಕೂಲಿಯೂ ಇಲ್ಲ. ಊರು ಉಳಿಯಿತು, ಬೆಳೆಯಿತು ಎಂದು ಹೇಳುವವರು ಈ ಲೆಕ್ಕವನ್ನೂ ಬರೆದಿಡಬೇಕು. ಬರುವಾಗ ಒಂದು ದೊಡ್ಡ ಚೀಲ ಮಂಡಕ್ಕಿ ಕೊಂಡೆ. ಪೇಟೆಯಲ್ಲಿ ಕೊಳ್ಳುವುದಕ್ಕಿಂತ ಭಟ್ಟಿಯಲ್ಲೇ ಕೊಂಡರೆ ಗರಿಗರಿಯಾಗಿರುತ್ತದೆ, ಹಣವೂ ನೇರ ಸುಟ್ಟ ಕೈಗೆ ಸೇರುತ್ತದೆ.

ಸಂಜೆ ಪಿ.ಜೆ. ಬಡಾವಣೆ. ಮೈಸೂರಿನ ಯುವರಾಜ ಜಯಚಾಮರಾಜರ ಹೆಸರಿನಲ್ಲಿ ಅಂಚು ಹಿಡಿದು ಎಳೆದಂತೆ ನೇರ ಬೀದಿಗಳನ್ನು ಹಾಕಿದ ಹಳೆಯ ವಿಸ್ತರಣೆ. ಹಿಂದೆ ವಕೀಲರು, ಮಿಲ್ಲಿನ ಅಧಿಕಾರಿಗಳು, ಹತ್ತಿ ವರ್ತಕರು ವಾಸವಾಗಿದ್ದ ಮನೆಗಳ ಜಗುಲಿಗಳು ಒಂದೊಂದಾಗಿ ಒಡೆದು ದವಾಖಾನೆ, ರಕ್ತಪರೀಕ್ಷೆ ಕೇಂದ್ರ, ಔಷಧಿ ಅಂಗಡಿ, ಬ್ಯಾಂಕುಗಳಾಗಿವೆ. ಎರಡು ಫಲಕಗಳ ನಡುವೆ ತೇಗದ ಕಂಬದ ಒಂದು ಹಳೆಯ ಜಗುಲಿ ಇನ್ನೂ ಇತ್ತು, ಅದರ ಮೇಲೆ ಕ್ಷ-ಕಿರಣದ ಲಕೋಟೆ ಹಿಡಿದ ಹಳ್ಳಿಯ ದಂಪತಿ ಕುಳಿತಿದ್ದರು. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಶುರುವಾಯಿತು, ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ, ಎಂಜಿನಿಯರಿಂಗ್ ಕಾಲೇಜು 1979ರಲ್ಲಿ. ಅಂದರೆ ಮಿಲ್ಲುಗಳು ಓಡುತ್ತಿದ್ದಾಗಲೇ ಊರಿನ ಹಣವಂತರು ಮುಂದಿನ ಬೆಳೆಯನ್ನು ಬಿತ್ತಿದ್ದರು. ಹತ್ತಿಗೆ ಬದಲು ವಿದ್ಯೆ ಬಂತು ಎಂದು ನಾವು ಹೇಳುವಾಗ ಒಂದು ಹೋದ ಮೇಲೆ ಇನ್ನೊಂದು ಬಂದಂತೆ ಕೇಳುತ್ತದೆ. ವಾಸ್ತವದಲ್ಲಿ ಎರಡೂ ಎರಡು ದಶಕ ಜೊತೆಯಲ್ಲೇ ನಡೆದವು. ಮಿಲ್ಲು ನಿಂತಾಗ ಮಾಲೀಕರಿಗೆ, ವರ್ತಕರಿಗೆ ಕಾಲೂರಲು ಇನ್ನೊಂದು ನೆಲ ಸಿದ್ಧವಾಗಿತ್ತು. ವೀವಿಂಗ್ ಖಾತೆಯವರಿಗೆ ಇರಲಿಲ್ಲ.

ಭಾನುವಾರ

ಬೆಳಿಗ್ಗೆ ಮಂಡಿಪೇಟೆಯನ್ನು ಮತ್ತೊಮ್ಮೆ ನೋಡುವ ಆಸೆಯಿಂದ ಬೇಗ ಎದ್ದೆ. ಸಗಟು ಅಂಗಡಿಗಳ ಬಾಗಿಲು ಹಾಕಿತ್ತು. ಬಾಗಿಲು ಹಾಕಿದಾಗಲೇ ಹಳೆಯ ಕಟ್ಟಡಗಳ ನಿಜವಾದ ಮುಖ ಕಾಣುವುದು: ಕೆಳಗೆ ಕಬ್ಬಿಣದ ಷಟರು, ಮೇಲೆ ಮರದ ಕಟಾಂಜನ, ಗಾರೆಯಲ್ಲಿ ಮೂಡಿಸಿದ ಇಸವಿ, ಬಳ್ಳಿ, ನಂದಿ. ಕೆಲವು ಮಹಡಿಗಳ ಮೇಲೆ ಆಲದ ಸಸಿ ಬೇರಿಳಿಸಿದೆ. ಹಮಾಲರಿಬ್ಬರು ಗಾಡಿಯ ಮೇಲೆ ಮಲಗಿದ್ದರು. ಅವರಲ್ಲೊಬ್ಬರು ಎದ್ದು, ಈಗ ಲಾರಿಗಳೆಲ್ಲ ನೇರವಾಗಿ ಎ.ಪಿ.ಎಂ.ಸಿ. ಆವರಣಕ್ಕೇ ಹೋಗುವುದರಿಂದ ಪೇಟೆಯೊಳಗೆ ಮೂಟೆಯ ಕೆಲಸ ಕಡಿಮೆ, ಕಿರಾಣಿಯ ಪೆಟ್ಟಿಗೆಗಳೇ ಹೆಚ್ಚು ಎಂದು ವಿವರಿಸಿದರು. ಪೆಟ್ಟಿಗೆ ಹಗುರ, ಕೂಲಿಯೂ ಹಗುರ.

ದುಗ್ಗಮ್ಮನ ಗುಡಿಗೆ ಹೋಗಿ ಕೈಮುಗಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಇವಳ ಜಾತ್ರೆಗೆ ಹಳೆಯ ಊರು, ಹೊಸ ಊರು ಎಂಬ ಭೇದವಿಲ್ಲದೆ ಮನೆಮನೆಗೂ ನೆಂಟರು ಬರುತ್ತಾರೆ. ಮಿಲ್ಲುಗಳಿದ್ದಾಗ ಜಾತ್ರೆಯ ಮರುದಿನ ಪಾಳಿಗೆ ಬರುವವರೇ ಇರುತ್ತಿರಲಿಲ್ಲವೆಂದು ದೊಡ್ಡಮ್ಮ ಹೇಳುತ್ತಿದ್ದಳು. ಅಲ್ಲಿಂದ ಮರಳುವಾಗ ರಾಜನಹಳ್ಳಿ ಹನುಮಂತಪ್ಪನವರ ಛತ್ರದ ಮುಂದೆ ಹಾದೆ. ಜಿಲ್ಲಾ ಆಸ್ಪತ್ರೆಗೆ ಚಿಗಟೇರಿ ಮನೆತನದ ಹೆಸರಿದೆ. ದಾನ ಕೊಟ್ಟವರ ಹೆಸರು ಊರಿನಲ್ಲಿ ಉಳಿದಿರುವುದು ನ್ಯಾಯವೇ. ಆ ದಾನದ ಹಣ ಯಾರ ದುಡಿಮೆಯಿಂದ ಬಂತೋ ಅವರ ಹೆಸರೂ ಉಳಿಯಲಿ ಎಂಬುದಷ್ಟೇ ನನ್ನ ಕೋರಿಕೆ. ಪ್ರತಿ ಮಿಲ್ಲು ಇದ್ದ ಜಾಗದಲ್ಲಿ ಒಂದು ಕಲ್ಲು ನೆಡಬಹುದು: ಇಲ್ಲಿ ಇಂಥ ಮಿಲ್ಲು ಇತ್ತು, ಇಷ್ಟು ಮಗ್ಗಗಳಿದ್ದವು, ಇಷ್ಟು ಜನ ದುಡಿದರು. ಗಡಿಯಾರ ಕಂಬದ ಬಳಿ ಒಂದು ಹಳೆಯ ಮಗ್ಗ ತಂದಿಟ್ಟರೆ ಇನ್ನೂ ಒಳ್ಳೆಯದು. ಬಳಸಿದವರು ಬದುಕಿರುವಾಗ ಇಟ್ಟರೆ ಅದನ್ನು ಮುಟ್ಟಿ ವಿವರಿಸಲು ಅವರೇ ಬರುತ್ತಾರೆ.

ಮಧ್ಯಾಹ್ನ ಹರಿಹರದ ಬಸ್ಸು ಹತ್ತಿದೆ. ಹದಿನಾಲ್ಕು ಕಿಲೋಮೀಟರು, ಎರಡೂ ಬದಿಗೆ ಗದ್ದೆ. ಕಾಲುವೆಯ ನೀರಿಗೆ ಕಾದ ಸಸಿಮಡಿಗಳು. ಹರಿಹರದಲ್ಲಿ 1224ರ ಹರಿಹರೇಶ್ವರ ದೇವಾಲಯವನ್ನು ನೋಡಿದೆ. ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಮಂಟಪದ ತಿರುಗಣೆಯಲ್ಲಿ ಕಡೆದ ಕಂಬಗಳಲ್ಲಿ ಎದುರಿಗೆ ನಿಂತವರ ಪ್ರತಿಬಿಂಬ ತಲೆಕೆಳಗಾಗಿಯೂ ನೇರವಾಗಿಯೂ ಬೀಳುತ್ತದೆ. ಆದರೆ ನಾನು ಬಂದದ್ದು ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಯಂತ್ರಾಪುರಕ್ಕಾಗಿ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ, ಲೋಹ ಕಡೆಯುವ ಲೇಥ್ ಯಂತ್ರಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೆ ಹೋದವು. ಈ ಶತಮಾನದ ಆರಂಭದಲ್ಲಿ ಅದೂ ನಿಂತಿತು. ದಾವಣಗೆರೆಯಲ್ಲಿ ಮಿಲ್ಲುಗಳು ಹೋದ ಹಳ್ಳವನ್ನು ಪೇಟೆ, ಕಾಲೇಜು, ಆಸ್ಪತ್ರೆಗಳು ತುಂಬಿದವು. ಹರಿಹರದ ಅಂಗಡಿಬೀದಿಗೆ ಅಂಥ ಆಸರೆಯಿರಲಿಲ್ಲ. ಹೊಳೆಯಾಚೆಯ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ಇಲ್ಲದಿದ್ದರೆ ಊರಿನ ಕಷ್ಟ ಇನ್ನೂ ಹೆಚ್ಚಿರುತ್ತಿತ್ತು.

ತುಂಗಭದ್ರೆ ಕೆಂಪಗೆ ಹರಿಯುತ್ತಿದ್ದಳು. 1868ರಲ್ಲಿ ಕಟ್ಟಿ ಮುಗಿಸಿದ ಹಳೆಯ ಸೇತುವೆಯ ಬಳಿ ಲೇಥ್ ನಡೆಸುತ್ತಿದ್ದ ನಿವೃತ್ತ ಟರ್ನರ್ ಒಬ್ಬರು ಗೆಳೆಯರ ಜೊತೆ ಕುಳಿತಿದ್ದರು. ಹೊಳೆಯ ಮಟ್ಟ, ಮಳೆ, ಬೆಳೆ ಎಲ್ಲ ಮಾತಾಡಿದ ಮೇಲೆ ಮೊಮ್ಮಗಳ ಮದುವೆ ಶ್ರಾವಣದಲ್ಲಿದೆ ಎಂದರು. ಬಟ್ಟೆ ಎಲ್ಲಿ ತೆಗೆಯುತ್ತೀರಿ ಎಂದೆ. ಕೇಳುವ ಮಾತೇ ಇದು ಎಂಬಂತೆ ನೋಡಿ, ಮರುದಿನದ ಯೋಜನೆಯನ್ನು ಒಂದೊಂದಾಗಿ ಬಿಚ್ಚಿಟ್ಟರು. ಏಳರ ಬಸ್ಸಿಗೆ ದಾವಣಗೆರೆ. ಹೆಂಡತಿಯ ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಮೊದಲು ಪಿ.ಜೆ. ಬಡಾವಣೆ, ಅದು ಮುಗಿದ ಮೇಲೆ ದೋಸೆ, ಆಮೇಲೆ ಹಳಿ ದಾಟಿ ಚೌಕಿಪೇಟೆಯಲ್ಲಿ ಧಾರೆ ಸೀರೆ, ಬೀಗರಿಗೆ ಉಡುಗೊರೆಯ ಪಂಚೆ, ಮಂಡಿಪೇಟೆಯಲ್ಲಿ ಅಡುಗೆಯವನು ಬರೆದುಕೊಟ್ಟ ದಿನಸಿ. "ದಿನಸಿಯನ್ನು ಕೊನೆಗೆ ಕೊಳ್ಳಬೇಕು. ಮೊದಲೇ ಕೊಂಡರೆ ಹೊತ್ತು ತಿರುಗುವವರು ಯಾರು?" ಎಂದು ಕೇಳಿ, ಜೇಬಿನಿಂದ ಪಟ್ಟಿ ತೆಗೆದು ಎಲ್ಲಿ ಏನು ಅಗ್ಗವೆಂದು ಗೆಳೆಯರ ಜೊತೆ ವಾದಕ್ಕೆ ಕುಳಿತರು.